ಸಂಬಳ ಬರುವ ತನಕ

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಪೆನ್ಸಿಲ್ ತಗೊಳ್ಳಿ. ಅಜ್ಜ ಅಜ್ಜಿಯರು ಕನ್ನಡಕ ಹುಡುಕಿಕೊಳ್ಳಲಿ, ಅಷ್ಟು ಹೊತ್ತು ಕಾಯೋಣ.

ಒಬ್ಬಳು ಹುಡುಗಿ ಮೊಬೈಲಿನಲ್ಲಿ 8,000 ರೂಪಾಯಿ ಸಾಲ ಕೇಳುತ್ತಾಳೆ. ಕೈಗೆ ಬರುವುದು 6,800. ಉಳಿದ 1,200 ರೂಪಾಯಿಯನ್ನು 'ಪ್ರೊಸೆಸಿಂಗ್ ಫೀ' ಅಂತ ಮೊದಲೇ ಮುರಿದುಕೊಂಡಿದ್ದಾರೆ. ಹದಿನೈದನೆಯ ದಿನ ಅವಳು 8,320 ರೂಪಾಯಿ ವಾಪಸು ಕಟ್ಟಬೇಕು. ಬಡ್ಡಿಯ ದರ ಎಷ್ಟು?

8,000ಕ್ಕೆ 320, ಅಂದರೆ ನೂರಕ್ಕೆ ನಾಲ್ಕು ಅಂತ ಬರೆದವರು ಅಳಿಸಿ. ಅವಳಿಗೆ ಸಿಕ್ಕಿದ್ದು 8,000 ಅಲ್ಲ, 6,800. ಕಟ್ಟಬೇಕಾದ್ದು 8,320. ಹೆಚ್ಚಿಗೆ ಹೋಗುವುದು 1,520. ಅದನ್ನು 6,800ರಿಂದ ಭಾಗಿಸಿ. ಹದಿನೈದೇ ದಿನಕ್ಕೆ ನೂರಕ್ಕೆ 22 ರೂಪಾಯಿಗಿಂತ ಹೆಚ್ಚು! ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 540 ದಾಟುತ್ತದೆ. ನಾನು ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು, ಮೀಟರ್ ಬಡ್ಡಿಯವರ ಕಥೆಗಳನ್ನೂ ಬೇಕಾದಷ್ಟು ಕೇಳಿದವನು. ಇಂಥ ದರ ನೋಡಿರಲಿಲ್ಲ.

ಆ ಹುಡುಗಿ ನನ್ನ ಮೊಮ್ಮಗಳು. ನನ್ನ ಮಗಳ ಮಗಳು, ನನ್ನ ಹಾಗೆಯೇ ಬಿ.ಕಾಂ. ಅವಳ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ ತಾತ, ಹೆಸರು ಮಾತ್ರ ಹಾಕ್ಬೇಡಿ" ಅಂದಳು. ಹಾಗಾಗಿ ಇಲ್ಲಿ ಅವಳು ಬರೀ ಪುಟ್ಟಿ.

ಕಳೆದ ವರ್ಷ ಜೂನ್ ಕೊನೆಯಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಹಾಸನದಲ್ಲಿ ನಮ್ಮ ಅಳಿಯಂದಿರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಊಟ. ನೆಂಟರೆಲ್ಲ ಬಂದಿದ್ದರು. ಯಾರೂ ಬರಿಗೈಲಿ ಬರಲಿಲ್ಲ. ಸಂಜೆ ಎಲ್ಲವನ್ನೂ ಬಿಚ್ಚಿ ನೋಡಿದಾಗ ನಾಲ್ಕು ಗೋಡೆ ಗಡಿಯಾರ, ಎರಡು ಡಿನ್ನರ್ ಸೆಟ್, ಗಾಜಿನ ಡಬ್ಬಿಯೊಳಗೊಂದು ತಾಜಮಹಲು, ಹೂಗುಚ್ಛಗಳು ಒಂದು ರಾಶಿ. ನನ್ನ ಷಡ್ಡಕರು ನಿವೃತ್ತಿಯ ಮೇಲೆ ವಿಮಾ ಏಜೆಂಟ್ ಆಗಿದ್ದಾರೆ. ಅವರು ಒಂದು ಪಾಲಿಸಿಯನ್ನೇ ಉಡುಗೊರೆ ಕೊಟ್ಟರು. ಮೊದಲ ಕಂತು ಅವರದು, ಮುಂದಿನ ಹತ್ತೊಂಬತ್ತು ವರ್ಷದ್ದು ಹುಡುಗಿಯದು. ಅದನ್ನು ಉಡುಗೊರೆ ಅನ್ನಬೇಕೋ ಹೊರೆ ಅನ್ನಬೇಕೋ ನನಗೆ ಈಗಲೂ ಗೊತ್ತಿಲ್ಲ. ಈ ಅಂಕಣವನ್ನು ಅವರು ಓದುತ್ತಾರೆ, ಓದಲಿ.

ನಾನು ಏನು ಕೊಟ್ಟೆ? ನಾಲ್ಕು ಗ್ರಾಂ ಚಿನ್ನದ ಉಂಗುರ. ತಾತ ಅಂದಮೇಲೆ ಚಿನ್ನ ಕೊಡದಿದ್ದರೆ ಹೇಗೆ ಎಂದು ಹೆಮ್ಮೆಯಿಂದಲೇ ಕೊಟ್ಟೆ. ಅವಳು ಬೆರಳಿಗೆ ಹಾಕಿಕೊಂಡು ಕಾಲಿಗೆ ಬಿದ್ದಳು. ಫೋಟೋ ತೆಗೆದರು.

ಅಷ್ಟು ಜನ ಹಿರಿಯರಲ್ಲಿ ಒಬ್ಬರೂ ಕೇಳದ ಪ್ರಶ್ನೆಯೊಂದಿತ್ತು. ಸಂಬಳ ಯಾವತ್ತು ಬರುತ್ತೆ, ಅಲ್ಲಿಯ ತನಕ ಏನು ಮಾಡ್ತೀಯ?

ಅವಳು ಕೆಲಸಕ್ಕೆ ಸೇರಿದ್ದು ಜುಲೈ 12ಕ್ಕೆ. ಆ ಕಚೇರಿಯಲ್ಲಿ ಆಯಾ ತಿಂಗಳ ಸಂಬಳದ ಪಟ್ಟಿ 10ನೇ ತಾರೀಖಿಗೆ ಮುಚ್ಚುತ್ತದಂತೆ. ಆಮೇಲೆ ಸೇರಿದವರಿಗೆ ಮುಂದಿನ ತಿಂಗಳ ಸಂಬಳದ ಜೊತೆ ಸೇರಿಸಿ ಕೊಡುತ್ತಾರೆ. ಅಂದರೆ ಆಗಸ್ಟ್ 31. ಐವತ್ತು ದಿನ. ಅಳಿಯಂದಿರದು ಸಣ್ಣ ಪ್ರಾವಿಜನ್ ಅಂಗಡಿ. ಅವರು ಹೇಗೋ ಹೊಂದಿಸಿ 22,000 ರೂಪಾಯಿ ಕೊಟ್ಟು ಕಳಿಸಿದ್ದರು. ಪಿ.ಜಿ.ಗೆ ಅಡ್ವಾನ್ಸ್ 9,000, ಮೊದಲ ತಿಂಗಳ ಬಾಡಿಗೆ 9,000. ಬಸ್ಸಿನಿಂದ ಇಳಿದ ದಿನವೇ 18,000 ಹೋಯಿತು. ಶೂ, ಕಚೇರಿಗೆ ಎರಡು ಜೊತೆ ಬಟ್ಟೆ, ಓಡಾಟ, ಮಧ್ಯಾಹ್ನದ ಊಟ. ಅವಳದೇ ಐದು ಸಾವಿರ ಉಳಿತಾಯವಿತ್ತು, ಅದೂ ಕರಗಿತು. ಆಗಸ್ಟ್ 12ಕ್ಕೆ ಎರಡನೇ ತಿಂಗಳ ಬಾಡಿಗೆ ಎದುರಿಗೆ ನಿಂತಿತು.

ಅಪ್ಪನನ್ನು ಕೇಳಲು ಮನಸ್ಸು ಬರಲಿಲ್ಲ. ನಮ್ಮನ್ನು ಕೇಳಲು ನಾಚಿಕೆ. "ಕೆಲ್ಸ ಸಿಕ್ಕಿದ ಮೇಲೂ ದುಡ್ಡು ಕೇಳೋದಾ ತಾತ?" ಅಂದಳು ಆಮೇಲೆ. ಮೊಬೈಲಿನಲ್ಲಿ 'ಐದೇ ನಿಮಿಷದಲ್ಲಿ ಸಾಲ' ಅನ್ನುವ ಆ್ಯಪ್ ಒಂದು ಕಣ್ಣಿಗೆ ಬಿತ್ತು. ಹದಿನೈದು ದಿನದ ಗಡುವು, ಆಗಸ್ಟ್ 27. ಸಂಬಳ 31ಕ್ಕೆ. ಆ ನಾಲ್ಕು ದಿನದ ಕಂದಕವನ್ನು ಅವಳು ಲೆಕ್ಕ ಹಾಕಲಿಲ್ಲ.

28ರ ಬೆಳಿಗ್ಗೆ ತಿಪಟೂರಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನನಗೆ ಫೋನ್ ಬಂತು. ಯಾರೋ ಗಂಡಸು. ಅರ್ಧ ಹಿಂದಿ, ಅರ್ಧ ಕನ್ನಡ. "ನಿಮ್ಮ ಮೊಮ್ಮಗಳು ಮೋಸ ಮಾಡಿದಾಳೆ, ದುಡ್ಡು ತಿಂದಿದಾಳೆ" ಅಂದ. ಯಾವನೋ ವಂಚಕ ಎಂದುಕೊಂಡು ಇಟ್ಟುಬಿಟ್ಟೆ. ಹತ್ತು ನಿಮಿಷಕ್ಕೆ ಮಗಳ ಫೋನು, ಅವಳಿಗೂ ಕರೆ ಬಂದಿದೆ. ಪುಟ್ಟಿಯ ಕಾಲೇಜಿನ ಮೇಷ್ಟರಿಗೂ ಬಂದಿದೆ. ಅವಳ ಮೊಬೈಲಿನಲ್ಲಿದ್ದ ನಂಬರುಗಳನ್ನೆಲ್ಲ ಆ ಆ್ಯಪ್ ಎತ್ತಿಕೊಂಡಿತ್ತು. ಪುಟ್ಟಿ ಫೋನ್ ಎತ್ತುತ್ತಿರಲಿಲ್ಲ. ಆ ಒಂದೂವರೆ ಗಂಟೆ ನಾನೂ ನನ್ನ ಮನೆಯಾಕೆಯೂ ಹೇಗೆ ಕಳೆದೆವು ಅನ್ನುವುದನ್ನು ಬರೆಯುವುದಿಲ್ಲ. ಕೊನೆಗೆ ಅಜ್ಜಿಯ ಫೋನನ್ನು ಎತ್ತಿದಳು. ಅಳುವುದು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ.

ದುಡ್ಡು ಕಳಿಸಿದೆ, ಅವಳು ಕಟ್ಟಿದಳು. ಕಟ್ಟಿದ ಮೇಲೂ ದಂಡ ಅಂತ ಇನ್ನಷ್ಟು ಕೇಳಿದರು. ಆಗ ಅಳಿಯಂದಿರು ಬಂದ ಕರೆ, ಸಂದೇಶಗಳನ್ನೆಲ್ಲ ತೆಗೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ವಾರದಲ್ಲಿ ಕರೆಗಳು ನಿಂತವು. ಈ ನಂಬರನ್ನು ಅಜ್ಜಂದಿರು ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಸಾಲದ ಆ್ಯಪ್ ನಮ್ಮ ಮೊಬೈಲಿನ ನಂಬರುಗಳ ಪಟ್ಟಿಗೆ ಕೈ ಹಾಕುವಂತಿಲ್ಲ, ಸಾಲದ ಪೂರ್ತಿ ಖರ್ಚನ್ನು ವರ್ಷದ ದರದಲ್ಲಿ ಮೊದಲೇ ತಿಳಿಸಬೇಕು. 'ನಂಬರುಗಳನ್ನು ನೋಡಲು ಒಪ್ಪಿಗೆ ಕೊಡಿ' ಎಂದು ಸಾಲದ ಆ್ಯಪ್ ಕೇಳಿದರೆ ಅಲ್ಲಿಂದಲೇ ಹಿಂದೆ ಬನ್ನಿ.

ದಸರಾ ರಜೆಗೆ ಅವಳು ಊರಿಗೆ ಬಂದಾಗ ಕೇಳಿದೆ, "ಉಂಗುರ ಇತ್ತಲ್ಲ ಪುಟ್ಟಿ, ಮಾರಿದ್ರೆ ಎರಡು ತಿಂಗಳ ಬಾಡಿಗೆ ಬರ್ತಿತ್ತಲ್ಲೇ?"

"ಅಂಗಡಿ ತನಕ ಹೋಗಿದ್ದೆ ತಾತ. ಬಾಗಿಲಿಂದಲೇ ವಾಪಸ್ ಬಂದೆ. ನೀವು ಕೊಟ್ಟಿದ್ದು."

ನಾನು ಎದ್ದು ಹಿತ್ತಲಿಗೆ ಹೋಗಿ ತೆಂಗಿನ ಗಿಡಕ್ಕೆ ನೀರು ಬಿಟ್ಟೆ. ಆಗಲೇ ಒಂದು ಸಲ ಬಿಟ್ಟಾಗಿತ್ತು.

ಚಿನ್ನ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದರ ಮೇಲೆ ಕೂಲಿ, ಶೇಕಡಾ 3 ಜಿ.ಎಸ್.ಟಿ. ಕೊಟ್ಟು ತರುತ್ತೇವೆ, ಮಾರುವಾಗ ಅವೆರಡೂ ವಾಪಸು ಬರುವುದಿಲ್ಲ. ಬ್ಯಾಂಕಿನಲ್ಲಿ ಕೊಂಡ ಚಿನ್ನದ ನಾಣ್ಯವನ್ನಂತೂ ಬ್ಯಾಂಕು ಮತ್ತೆ ಕೊಳ್ಳುವುದೇ ಇಲ್ಲ. ಇದನ್ನು ಕೌಂಟರಿನಲ್ಲಿ ಎಷ್ಟು ಜನಕ್ಕೆ ವಿವರಿಸಿದ್ದೇನೋ. ಅದಕ್ಕಿಂತ ದೊಡ್ಡ ತೊಂದರೆ ಪುಟ್ಟಿ ಹೇಳಿದ್ದು. ಪ್ರೀತಿಯಿಂದ ಕೊಟ್ಟ ವಸ್ತುವನ್ನು ಒಳ್ಳೆಯ ಮಕ್ಕಳು ಮಾರುವುದಿಲ್ಲ, ಹಸಿದಿರುತ್ತಾರೆ.

ನನಗೆ ಇದು ಗೊತ್ತಿರಬೇಕಿತ್ತು. ಯಾಕೆಂದರೆ ಇದೇ ಐವತ್ತು ದಿನ ನನ್ನ ಪಾಲಿಗೂ ಬಂದಿತ್ತು, 1974ರಲ್ಲಿ.

ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ, ಮೊದಲ ಪೋಸ್ಟಿಂಗ್ ಗದಗಕ್ಕೆ. ತಿಪಟೂರು ಬಿಟ್ಟು ಅರಸೀಕೆರೆಯಿಂದ ಆಚೆ ಹೋಗದ ಹುಡುಗ ನಾನು. ನನಗೂ ಉಡುಗೊರೆಗಳು ಬಂದವು. ಎರಡು ಫೌಂಟನ್ ಪೆನ್ನು, ಒಂದು ಪಂಚೆ. ನನ್ನ ಸೋದರಮಾವ ಕೊಬ್ಬರಿ ವ್ಯಾಪಾರಿ. ಅವರು ಏನೂ ಕೊಡಲಿಲ್ಲ. ಬರೀ ಕೇಳಿದರು. "ಎಲ್ಲಿ ಇಳ್ಕೊಳ್ತೀಯೋ? ಊಟ ಎಲ್ಲಿ? ಸಂಬಳ ಯಾವಾಗ?" ಈ ಮನುಷ್ಯ ಜಿಪುಣ, ಬರೀ ಮಾತು ಅಂದುಕೊಂಡೆ.

ಗದಗದಲ್ಲಿ ಇಳಿದು ಎರಡು ದಿನಕ್ಕೆ ದಲ್ಲಾಳಿ ಅಂಗಡಿಯ ಗುಮಾಸ್ತರೊಬ್ಬರು ಬ್ಯಾಂಕಿಗೇ ಹುಡುಕಿಕೊಂಡು ಬಂದರು. "ನೀವs ಏನ್ರೀ ತಿಪಟೂರಿನವ್ರು? ಬರ್ರಿ" ಅಂತ ಒಂದು ಖಾನಾವಳಿಗೆ ಕರೆದುಕೊಂಡು ಹೋದರು. ಮಾವ ತಮ್ಮ ವ್ಯಾಪಾರದ ಪರಿಚಯದ ಆ ಅಂಗಡಿಗೆ ಕಾಗದ ಬರೆದು, ಎರಡು ತಿಂಗಳ ಊಟದ ದುಡ್ಡನ್ನು ಮುಂಗಡ ಕಟ್ಟಿಸಿದ್ದರು. ಮುದ್ದೆ ತಿಂದು ಬೆಳೆದವನಿಗೆ ಜೋಳದ ರೊಟ್ಟಿ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ, ಅದು ಬೇರೆ ಮಾತು. ಆದರೆ ಎರಡು ತಿಂಗಳು ನಾನು ಯಾರ ಮುಂದೆಯೂ ಕೈಚಾಚಲಿಲ್ಲ. ಮೊದಲ ಸಂಬಳದಿಂದ ಅಮ್ಮನಿಗೆ ನೂರು ರೂಪಾಯಿ ಮನಿಯಾರ್ಡರ್ ಮಾಡಿದೆ. ಪೆನ್ನು ಕೊಟ್ಟವರು ಯಾರು ಅಂತ ಈಗ ನೆನಪಿಲ್ಲ. ಖಾನಾವಳಿಯ ಗೋಡೆಗೆ ಹಚ್ಚಿದ್ದ ಹಸಿರು ಬಣ್ಣ ಕೂಡ ನೆನಪಿದೆ.

ಇಷ್ಟಿದ್ದೂ ನಾನು ಉಂಗುರ ಕೊಟ್ಟೆ!

ಈ ವರ್ಷ ನಮ್ಮ ಮನೆಯಲ್ಲಿ ಇನ್ನೊಬ್ಬನ ಓದು ಮುಗಿಯಿತು. ನನ್ನ ತಮ್ಮನ ಮೊಮ್ಮಗ, ಎಂಜಿನಿಯರಿಂಗ್. ಕೆಲಸ ಮಂಗಳೂರಿನಲ್ಲಿ. ಈ ಸಲ ನಾನು ಮಾವನ ಹಾಗೆ ಕೇಳಲು ಕೂತೆ. ಇಲ್ಲಿ ಅಜ್ಜ ಅಜ್ಜಿಯರಿಗೊಂದು ಗುಟ್ಟು. "ದುಡ್ಡು ಬೇಕೇನಪ್ಪಾ?" ಅಂತ ಕೇಳಬೇಡಿ, "ಬೇಡ ತಾತ" ಅನ್ನುತ್ತಾರೆ. ಎಲ್ಲರೂ ಹಾಗೇ ಅನ್ನುತ್ತಾರೆ. ರೂಮಿಗೆ ಅಡ್ವಾನ್ಸ್ ಎಷ್ಟು? ಕೆಲಸಕ್ಕೆ ಸೇರೋದು ಯಾವ ತಾರೀಖು, ಸಂಬಳ ಯಾವ ತಾರೀಖು? ಮಧ್ಯಾಹ್ನದ ಊಟ ಅಲ್ಲೇ ಕೊಡ್ತಾರೋ, ಹೊರಗೋ? ಬಸ್ಸು ಎಷ್ಟು ಬದಲಾಯಿಸಬೇಕು? ಇಂಥದ್ದು ಕೇಳಿ. ಅಂಕಿ ತಾನಾಗಿ ಬರುತ್ತದೆ.

ಜೂನ್ 16ಕ್ಕೆ ಸೇರಿದರೆ ಮೊದಲ ಸಂಬಳ ಜುಲೈ ಕೊನೆಗೆ. ನಲವತ್ತೈದು ದಿನ. ಎಲ್ಲ ಸೇರಿ 31,000 ರೂಪಾಯಿ ಬೇಕು. ಅವನ ಅಪ್ಪ 15,000 ಕೊಡಬಲ್ಲ. ಉಳಿದದ್ದು 16,000.

ಇದನ್ನು ಒಬ್ಬರೇ ಕೊಡುವುದು ಕಷ್ಟ. ಆದರೆ ನಮ್ಮಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ, ಮುಯ್ಯಿ. ಮಕ್ಕಳಲ್ಲಿ ಕೆಲವರಿಗೆ ಗೊತ್ತಿರಲಾರದು. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತಿರುತ್ತಾರೆ, ಯಾರು ಎಷ್ಟು ಕೊಟ್ಟರು ಅಂತ ಬರೆಯುತ್ತಾರೆ. ನಾಳೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಇವರು ಆ ಪುಸ್ತಕ ನೋಡಿ, ಅಷ್ಟು ಅಥವಾ ಸ್ವಲ್ಪ ಹೆಚ್ಚು ಹಾಕಿ ತಿರುಗಿ ಮಾಡುತ್ತಾರೆ. ದುಡ್ಡಿಲ್ಲದ ಕಾಲದಲ್ಲಿ ಹಳ್ಳಿಯ ಬಡವರ ಮನೆಯಲ್ಲೂ ಮದುವೆಗಳು ನಡೆದದ್ದು ಹೀಗೆ. ಮದುವೆಗೆ ಇದೆ, ಗೃಹಪ್ರವೇಶಕ್ಕೆ ಇದೆ. ಮೊದಲ ಕೆಲಸಕ್ಕೆ ಹೊರಟ ಮಕ್ಕಳಿಗೆ ಯಾಕಿರಬಾರದು?

ನೂರು ಪುಟದ ನೋಟ್‌ಬುಕ್ ತಂದು, ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಹುಡುಗನ ಹೆಸರು ಬರೆದು ನೆಂಟರಿಗೆ ಫೋನ್ ಮಾಡಿದೆ. "ಗಡಿಯಾರ ತರಬೇಡಿ, ಆ ದುಡ್ಡನ್ನು ಇದಕ್ಕೆ ಹಾಕಿ." ನಾನು 5,000. ಮಗಳು ಅಳಿಯ 4,000. ತಮ್ಮನ ಬೀಗರು 3,000. ಷಡ್ಡಕರು ಮತ್ತೊಂದು ಪಾಲಿಸಿಯ ಮಾತು ತೆಗೆದರು, ಬಿಡಲಿಲ್ಲ, 2,000. ಪುಟ್ಟಿ ತನ್ನ ಸಂಬಳದಿಂದ 2,000. ಹದಿನಾರು ಸಾವಿರವೂ ಅವನ ಖಾತೆಗೆ ಜೂನ್ 10ಕ್ಕೇ ಹೋಯಿತು, ಅವನು ಬಸ್ಸು ಹತ್ತುವ ಮೊದಲೇ. ಈ ತಾರೀಖು ಮುಖ್ಯ. ಇಂಥ ನೆಂಟರ ಉಡುಗೊರೆಗೆ ಆದಾಯ ತೆರಿಗೆ ಬರುತ್ತದೋ ಎಂದು ಬೀಗರು ಕೇಳಿದರು. ಅಜ್ಜ ಅಜ್ಜಿ, ಅಪ್ಪ ಅಮ್ಮ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೊಟ್ಟದ್ದಕ್ಕೆ ತೆರಿಗೆಯಿಲ್ಲ. ಬೇರೆಯವರಿಂದ ಬಂದದ್ದೆಲ್ಲ ಸೇರಿ ವರ್ಷಕ್ಕೆ 50,000 ದಾಟದಿದ್ದರೆ ಅದಕ್ಕೂ ಇಲ್ಲ.

ಮನೆಯಾಕೆ ದುಡ್ಡು ಕೊಡಲಿಲ್ಲ. ಜೂನ್ ತಿಂಗಳ ಮಂಗಳೂರಿನ ಮಳೆ ಅವಳಿಗೆ ಗೊತ್ತು, ಮೂರು ವರ್ಷ ನಾವು ಅಲ್ಲಿದ್ದೆವು. ಒಂದು ಗಟ್ಟಿ ಛತ್ರಿ, ರೇನ್‌ಕೋಟು, ನೀರು ಕುಡಿಯದ ಒಂದು ಜೊತೆ ಚಪ್ಪಲಿ. "ಒದ್ದೆ ಶೂ ಹಾಕ್ಕೊಂಡು ಆಫೀಸಿಗೆ ಹೋಗೋಕಾಗತ್ತಾ?" ಅಂದಳು.

ಇವನ ಮೇಲೆ ಇನ್ನೊಂದು ಭಾರವಿತ್ತು, ಶಿಕ್ಷಣ ಸಾಲ. ಈ ಸಾಲಕ್ಕೆ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ತನಕ ಕಂತು ಇರುವುದಿಲ್ಲ. ಕಂತಿಲ್ಲ ಅಂದರೆ ಬಡ್ಡಿಯಿಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ಬಡ್ಡಿ ಮೊದಲ ದಿನದಿಂದಲೂ ಓಡುತ್ತಲೇ ಇರುತ್ತದೆ. ಕಂತು ಶುರುವಾಗುವ ದಿನ ಆ ಬಡ್ಡಿಯೆಲ್ಲ ಅಸಲಿಗೆ ಸೇರಿ, ಆಮೇಲೆ ಬಡ್ಡಿಗೂ ಬಡ್ಡಿ. ಮಕ್ಕಳೇ, ಮತ್ತೆ ಪೆನ್ಸಿಲ್. ಸಾಲ 3 ಲಕ್ಷ, ದರ ನೂರಕ್ಕೆ 10 ಅನ್ನೋಣ. ವರ್ಷಕ್ಕೆ 30,000. ತಿಂಗಳಿಗೆ 2,500. ಹಾಗಾದರೆ ದೂರದ ನೆಂಟರೊಬ್ಬರು 2,500 ರೂಪಾಯಿ ಕೊಡುವಂತಿದ್ದರೆ, ಅದನ್ನು 'ಒಂದು ತಿಂಗಳ ಬಡ್ಡಿ' ಎಂದು ಅವನ ಸಾಲದ ಖಾತೆಗೇ ಕಟ್ಟಬಹುದು. ಸಾಲದ ಖಾತೆಯ ನಂಬರು ಇದ್ದರೆ ಯಾರು ಬೇಕಾದರೂ ಚಲನ್ ತುಂಬಿ ಕಟ್ಟಬಹುದು. ಆ ಚಲನ್ನಿನ ಪ್ರತಿಯನ್ನು ಕವರಿನಲ್ಲಿ ಹಾಕಿ ಕೊಟ್ಟರೆ ಅದೇ ಉಡುಗೊರೆ. ಹೂಗುಚ್ಛಕ್ಕಿಂತ ಚೆಂದ ಕಾಣುತ್ತದೆ, ಕನಿಷ್ಠ ನನ್ನ ಕಣ್ಣಿಗೆ.

ಪಿ.ಪಿ.ಎಫ್. ಖಾತೆ ಮಾಡಿಸಿ ಕೊಡಲೇ ಎಂದು ಕೇಳುವ ಅಜ್ಜಂದಿರು ಇರುತ್ತಾರೆ. ಒಳ್ಳೆಯದೇ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ, ಒಂದೂವರೆ ಲಕ್ಷದ ತನಕ ಕಟ್ಟಬಹುದು. ಆದರೆ ಅವಧಿ ಹದಿನೈದು ವರ್ಷ. ಮುಂದಿನ ತಿಂಗಳ ಬಾಡಿಗೆಗೆ ಅದು ಬಾಗಿಲು ತೆರೆಯುವುದಿಲ್ಲ. ಅದನ್ನು ಮೊದಲ ದೀಪಾವಳಿಗೆ ಇಟ್ಟುಕೊಳ್ಳಿ. ಅದಕ್ಕಿಂತ ಮುಂಚೆ, ಅವರ ಉಳಿತಾಯ ಖಾತೆಯಿರುವ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಎರಡು ಅರ್ಜಿ ತುಂಬಿಸಿ. ಅಪಘಾತಕ್ಕೆ 2 ಲಕ್ಷದ ಸುರಕ್ಷಾ ಬಿಮಾ, ವರ್ಷಕ್ಕೆ 20 ರೂಪಾಯಿ. ಜೀವಕ್ಕೆ 2 ಲಕ್ಷದ ಜೀವನ್ ಜ್ಯೋತಿ, 436 ರೂಪಾಯಿ. ಎರಡೂ ಸೇರಿ ಒಂದು ಹೂಗುಚ್ಛದಷ್ಟೂ ಆಗುವುದಿಲ್ಲ.

ಇನ್ನು ಇಡೀ ಉಡುಗೊರೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪುಟ್ಟಿಯ ತಮ್ಮ ಕೊಟ್ಟದ್ದು. ಅವನು ಏಳನೇ ಕ್ಲಾಸು. ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದ. ಒಳಗೆ ಮಾರ್ಕ್ಸ್ ಕಾರ್ಡುಗಳ, ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟದ ಮೂರು ಮೂರು ಜೆರಾಕ್ಸ್, ಹನ್ನೆರಡು ಪಾಸ್‌ಪೋರ್ಟ್ ಫೋಟೋ, ಒಂದು ಪೆನ್ನು, ಒಂದು ಅಂಟಿನ ಟ್ಯೂಬು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಹೆಸರು ಬರೆದಿದ್ದ. ಕೆಲಸಕ್ಕೆ ಸೇರಿದ ದಿನ ಉಳಿದ ಹುಡುಗರೆಲ್ಲ ಜೆರಾಕ್ಸ್ ಅಂಗಡಿ ಹುಡುಕುತ್ತಿದ್ದಾಗ ಇವನೊಬ್ಬ ಫ್ಯಾನಿನ ಕೆಳಗೆ ಕೂತಿದ್ದನಂತೆ. ಗುಮಾಸ್ತನ ಮೊಮ್ಮಗ ಅಂತ ನನಗೆ ಸ್ವಲ್ಪ ಹೆಮ್ಮೆ. ಶಾಲೆಗೆ ಹೋಗುವ ಮಕ್ಕಳು ಅಕ್ಕನಿಗೋ ಅಣ್ಣನಿಗೋ ಇದನ್ನು ಮಾಡಿಕೊಡಬಹುದು. ಮೂಲ ಪ್ರತಿಗಳನ್ನು ಮುಟ್ಟುವ ಮುಂಚೆ ಕೈ ತೊಳೆದುಕೊಳ್ಳಿ, ಅಷ್ಟೇ.

ಫೈಲು ಸಾಲದು, ಮುಯ್ಯಿಯನ್ನೂ ಬರೆಸಬೇಕು ಅಂತ ಅವನ ಹಟ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನಲ್ಲಿ ತಮ್ಮ ಖಾತೆಯನ್ನು ತಾವೇ ನಡೆಸಬಹುದು, ಅವನದೂ ಒಂದಿದೆ. ಬ್ಯಾಂಕಿಗೆ ಹೋಗಿ ತಾನೇ ಚೀಟಿ ಬರೆದು 201 ರೂಪಾಯಿ ತೆಗೆದು ತಂದ. ಪುಸ್ತಕದಲ್ಲಿ ಬರೆದು ಒಟ್ಟು ಮಾಡಿದೆ. 16,201. ಎರಡು ಸಲ ಕೂಡಿದೆ, ಹಳೆಯ ಚಾಳಿ.

"ಇದು ನಂಗೂ ವಾಪಸ್ ಬರತ್ತಾ ತಾತ?"

"ಬರತ್ತೆ ಕಣೋ. ನಿನ್ನ ಓದು ಮುಗೀಲಿ."

ಅವನು ಬೆರಳು ಮಡಚಿ ವರ್ಷ ಎಣಿಸಿದ. ಆಮೇಲೆ ನೋಟ್‌ಬುಕ್ಕನ್ನು ನನ್ನ ಕೈಯಿಂದ ಇಸಿದುಕೊಂಡು, ಕೊನೆಯ ಪುಟ ತೆಗೆದು, ತನ್ನ ಹೆಸರು ಬರೆದು, ಕೆಳಗೆ ಹೀಗೆ ಸೇರಿಸಿದ: ಶೂ ಸೈಜ್ 5, ಆಮೇಲೆ ಬದಲಾಗುತ್ತೆ, ಕೇಳಿ ತರಬೇಕು.